ಇಂಗಾಲದ ನಾಳಗಳ ಹುಟ್ಟುಗುಣ

ದೀಪದ ಕುಡಿಯ ಮೇಲೆ ತಟ್ಟೆಯೊಂದನ್ನು ಹಿಡಿದರೆ ಅದಕ್ಕೆ ಕಾಡಿಗೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಆ ಕಾಡಿಗೆಯೂ, ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟೂ, ಉಂಗುರದ ವಜ್ರವೂ ಇಂಗಾಲವೆಂಬ ಒಂದೇ ಧಾತುವಿನ ಬೇರೆ ಬೇರೆ ರೂಪಗಳು. ಪರಮಾಣುಗಳು ಅವೇ, ಅವು ಪರಸ್ಪರ ಹೊಂದಿಕೊಂಡಿರುವ ಕ್ರಮ ಮಾತ್ರ ಬೇರೆ. ಈ ಭೇದದಿಂದಲೇ ಒಂದು ಕಪ್ಪಾಗಿ ಕೈಗೆ ಅಂಟುತ್ತದೆ, ಇನ್ನೊಂದು ಗಾಜನ್ನು ಕೊಯ್ಯುತ್ತದೆ. ಇದೇ ಮನೆತನಕ್ಕೆ ಸೇರಿದ ಮತ್ತೊಂದು ರೂಪ ಇಂಗಾಲದ ನ್ಯಾನೋನಾಳ. ಇದನ್ನು ತಯಾರಿಸುವುದು ಹೇಗೆ, ತಯಾರಿಸಿದುದನ್ನು ಬಳಸಿಕೊಳ್ಳುವುದು ಏಕೆ ಸುಲಭವಲ್ಲ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಗ್ರಾಫೈಟಿನಲ್ಲಿ ಪರಮಾಣುಗಳು ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಯ ಮನೆಗಳನ್ನು ಕಟ್ಟಿಕೊಂಡು ಹಾಳೆಗಳಾಗಿ ಹರಡಿರುತ್ತವೆ. ಅಂಥ ಒಂದು ಹಾಳೆಯನ್ನು ಚಾಪೆಯಂತೆ ಸುರುಳಿ ಸುತ್ತಿ, ಅಂಚಿಗೆ ಅಂಚನ್ನು ಕುರುಹು ಉಳಿಯದಂತೆ ಬೆಸೆದರೆ ದೊರೆಯುವ ಕೊಳವೆಯೇ ನ್ಯಾನೋನಾಳ. ಒಂದೇ ಹಾಳೆಯದು ಏಕಭಿತ್ತಿಯ ನಾಳ. ಒಂದರೊಳಗೊಂದು ಹಲವು ಕೊಳವೆಗಳಿದ್ದರೆ ಬಹುಭಿತ್ತಿಯ ನಾಳ. ಏಕಭಿತ್ತಿಯ ನಾಳದ ಅಡ್ಡಳತೆ ಸುಮಾರು ೧ ನ್ಯಾನೋಮೀಟರು, ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಮ್ಮ ತಲೆಗೂದಲು ಇದಕ್ಕಿಂತ ಹಲವು ಹತ್ತು ಸಾವಿರ ಪಟ್ಟು ದಪ್ಪ.

ಮನುಷ್ಯನು ಅರಿಯದೆಯೇ ಇಂಥ ನಾಳಗಳನ್ನು ಹಿಂದೆ ಮಾಡಿದ್ದುಂಟು. ೨೦೦೬ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ವಿಜ್ಞಾನಿಗಳು ೧೭ನೆಯ ಶತಮಾನದ ಡಮಾಸ್ಕಸ್ ಕತ್ತಿಯೊಂದರ ಚೂರನ್ನು ಪರೀಕ್ಷಿಸಿ, ಅದರಲ್ಲಿ ನ್ಯಾನೋನಾಳಗಳನ್ನು ಕಂಡುದಾಗಿ ಪ್ರಕಟಿಸಿದರು. ಅಂಥ ಕತ್ತಿಗಳಿಗೆ ಬೇಕಾದ ವೂಟ್ಸ್ ಎಂಬ ಲೋಹಕ್ಕೆ ದಕ್ಷಿಣ ಭಾರತವು ಹೆಸರಾಗಿತ್ತು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರ ಮತ. ೧೯೫೨ರಲ್ಲಿ ರಷ್ಯದ ರಾದುಷ್ಕೆವಿಚ್ ಮತ್ತು ಲುಕ್ಯಾನೊವಿಚ್ ಎಂಬವರು ಇಂಗಾಲದ ಟೊಳ್ಳು ಎಳೆಗಳ ಚಿತ್ರಗಳನ್ನು ಪ್ರಕಟಿಸಿದರು. ಆದರೆ ಲೋಕದ ಗಮನ ಇತ್ತ ಹರಿದದ್ದು ೧೯೯೧ರಲ್ಲಿ. ಜಪಾನಿನ ಸುಮಿಯೊ ಈಜಿಮಾ ಅವರು ಎರಡು ಗ್ರಾಫೈಟು ಕಡ್ಡಿಗಳ ನಡುವೆ ವಿದ್ಯುತ್ತಿನ ಉರಿಯನ್ನು ಹೊತ್ತಿಸಿ, ಋಣಧ್ರುವದ ಕಡ್ಡಿಯ ಮೇಲೆ ಕಟ್ಟಿದ ಮಸಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲ್ಲಿದ್ದ ಸೂಜಿಗಳಲ್ಲಿ ೨ರಿಂದ ೫೦ರವರೆಗೆ ಕೊಳವೆಗಳು ಒಂದರೊಳಗೊಂದು ಅಡಗಿದ್ದವು.

ವಿದ್ಯುತ್ತಿನ ಉರಿಗಿಂತ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಅನಿಲದಿಂದ ನಾಳವನ್ನು ಬೆಳೆಸುವ ವಿಧಾನ. ಗಾಳಿಯಿಲ್ಲದ ಕುಲುಮೆಯೊಂದರಲ್ಲಿ ಕಬ್ಬಿಣದ ಅತಿ ಸಣ್ಣ ಕಣಗಳನ್ನಿಟ್ಟು, ಸುಮಾರು ೭೦೦ರಿಂದ ೯೦೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಅಸಿಟಲೀನ್ ಅಥವಾ ಎಥಿಲೀನ್ ಅನಿಲವನ್ನು ಹಾಯಿಸುತ್ತಾರೆ. ಅನಿಲವು ಕಣವನ್ನು ಮುಟ್ಟಿದೊಡನೆ ಒಡೆದು, ಅದರಲ್ಲಿದ್ದ ಇಂಗಾಲವು ನೀರಿನಲ್ಲಿ ಉಪ್ಪು ಕರಗುವಂತೆ ಕಣದಲ್ಲಿ ಕರಗುತ್ತದೆ. ಇನ್ನು ಹಿಡಿಸದೆಂಬ ಹಂತ ಬಂದಾಗ ಅದು ನಾಳವಾಗಿ ಹೊರಕ್ಕೆ ಬೆಳೆಯತೊಡಗುತ್ತದೆ. ಶ್ಯಾವಿಗೆಯ ದಪ್ಪವನ್ನು ಒರಳಿನ ರಂಧ್ರವು ಗೊತ್ತುಮಾಡುವಂತೆ, ನಾಳದ ದಪ್ಪವನ್ನು ಬಹುಮಟ್ಟಿಗೆ ಕಣದ ಗಾತ್ರವೇ ಗೊತ್ತುಮಾಡುತ್ತದೆ. ೧೯೯೭ರಲ್ಲಿ ಬೆಂಗಳೂರಿನ ಸಿ. ಎನ್. ಆರ್. ರಾವ್ ಅವರೂ ಸಂಗಡಿಗರೂ ಫೆರೊಸೀನ್ ಎಂಬ ಸಂಯುಕ್ತದ ಆವಿಯನ್ನು ಕಾಯಿಸಿ ನಾಳಗಳನ್ನು ಪಡೆದರು. ಕಬ್ಬಿಣ, ಇಂಗಾಲ ಎರಡೂ ಈ ಸಂಯುಕ್ತದಲ್ಲೇ ಇರುವುದರಿಂದ ಕಣಗಳನ್ನು ಬೇರೆಯಾಗಿ ಇಡುವ ಅಗತ್ಯ ತಪ್ಪಿತು.

ಒಂದು ತೊಡಕು ಉಳಿದಿತ್ತು. ಸ್ವಲ್ಪ ಹೊತ್ತಿನಲ್ಲೇ ಕಣಕ್ಕೆ ಮಸಿ ಮುಸುಕಿ ಬೆಳವಣಿಗೆ ನಿಂತುಹೋಗುತ್ತಿತ್ತು. ೨೦೦೪ರಲ್ಲಿ ಜಪಾನಿನ ಹಾತಾ ಮತ್ತು ಸಂಗಡಿಗರು ಅನಿಲದೊಡನೆ ಎಳ್ಳಷ್ಟು ನೀರಿನ ಆವಿಯನ್ನು ಸೇರಿಸಿದರು. ಆವಿಯು ಮಸಿಯನ್ನು ತೊಡೆದುಹಾಕಿತು. ಹತ್ತೇ ನಿಮಿಷಗಳಲ್ಲಿ ೨.೫ ಮಿಲಿಮೀಟರು ಎತ್ತರದ ನಾಳಗಳ ವನವೇ ಬೆಳೆದು ನಿಂತಿತು.

ಕಣವು ದೊಡ್ಡದಾಗಿದ್ದು ಹಾಳೆಗಳು ಓರೆಯಾಗಿ ಬೆಳೆದರೆ ದೊರೆಯುವುದು ನಾಳವಲ್ಲ, ನ್ಯಾನೋತಂತು. ಕಡಲೆಕಾಯಿ ಮಾರುವವನು ಕಾಗದದ ಪೊಟ್ಟಣಗಳನ್ನು ಒಂದರೊಳಗೊಂದು ಸೇರಿಸಿಡುವಂತೆ ಇದರ ಹಾಳೆಗಳು ಜೋಡಿಸಿಕೊಂಡಿರುತ್ತವೆ. ಇದು ಅಷ್ಟು ಗಟ್ಟಿಯಲ್ಲ. ಆದರೆ ತಯಾರಿಕೆ ಸುಲಭ, ಬೆಲೆ ಕಡಿಮೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಚಾಪೆಯನ್ನು ನೇರವಾಗಿಯೂ ಸುತ್ತಬಹುದು, ಓರೆಯಾಗಿಯೂ ಸುತ್ತಬಹುದು. ಏಕಭಿತ್ತಿಯ ನಾಳದಲ್ಲಿ ಈ ಓರೆಯ ಸಣ್ಣ ವ್ಯತ್ಯಾಸದಿಂದಲೇ ಒಂದು ನಾಳ ಲೋಹದಂತೆ ವಿದ್ಯುತ್ತನ್ನು ಹರಿಯಗೊಡುತ್ತದೆ, ಮತ್ತೊಂದು ಸಿಲಿಕಾನಿನಂತೆ ಅರೆವಾಹಕವಾಗುತ್ತದೆ. ಯಾವ ಆಯ್ಕೆಯೂ ಇಲ್ಲದೆ ಬೆಳೆಸಿದಾಗ ಸುಮಾರು ಮೂರರಲ್ಲೊಂದು ಪಾಲು ಲೋಹಗುಣದವು. ಟ್ರಾನ್ಸಿಸ್ಟರಿಗೆ ಬೇಕಾದದ್ದು ಅರೆವಾಹಕ. ಲೋಹಗುಣದ ನಾಳವೊಂದು ನಡುವೆ ಸೇರಿಕೊಂಡರೆ ವಿದ್ಯುತ್ತನ್ನು ತಡೆಯುವುದೇ ಆಗುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ೨೦೧೩ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ೧೭೮ ಟ್ರಾನ್ಸಿಸ್ಟರುಗಳ ಪುಟ್ಟ ಕಂಪ್ಯೂಟರನ್ನು ಕಟ್ಟಿದವರು ಗುಣವನ್ನು ಬದಲಿಸಲಾರದೆ, ಲೋಹಗುಣದ ನಾಳಗಳನ್ನೇ ವಿದ್ಯುತ್ತಿನಿಂದ ಸುಟ್ಟುಹಾಕಿದರು. ೨೦೧೯ರಲ್ಲಿ ೧೪,೦೦೦ಕ್ಕೂ ಹೆಚ್ಚು ಟ್ರಾನ್ಸಿಸ್ಟರುಗಳನ್ನು ಜೋಡಿಸಿದ ಎಂ.ಐ.ಟಿ.ಯವರು, ಅಂಥ ಕೆಲವು ನಾಳಗಳು ಉಳಿದರೂ ಕೆಲಸ ಕೆಡದಂತೆ ಮಂಡಲಗಳನ್ನು ರೂಪಿಸಿದರು.

ಬಲದ ವಿಷಯದಲ್ಲಿಯೂ ಹೀಗೆಯೇ. ಬಿಡಿ ನಾಳವು ಉಕ್ಕಿಗಿಂತ ಹತ್ತಾರು ಪಟ್ಟು ಹೆಚ್ಚಿನ ಸೆಳೆತವನ್ನು ತಾಳುತ್ತದೆ, ತೂಕವೋ ಉಕ್ಕಿನ ಆರರಲ್ಲೊಂದು ಪಾಲಿನಷ್ಟು. ಆದರೆ ನಾಳಗಳನ್ನು ಹಗ್ಗವಾಗಿ ಹೊಸೆದರೆ ಅವು ಒಂದರ ಮೇಲೊಂದು ಜಾರುವುದರಿಂದ ಆ ಬಲವೆಲ್ಲ ಹಗ್ಗಕ್ಕೆ ಬರುವುದಿಲ್ಲ. ಆದ್ದರಿಂದ ಇವುಗಳ ಇಂದಿನ ದೊಡ್ಡ ಉಪಯೋಗ ವಿನಯವಾದದ್ದು. ಲಿಥಿಯಮ್ ಬ್ಯಾಟರಿಯ ಧ್ರುವಗಳಲ್ಲಿ ಸ್ವಲ್ಪ ಬೆರೆಸಿದ ನಾಳಗಳೂ ತಂತುಗಳೂ ಕಣದಿಂದ ಕಣಕ್ಕೆ ವಿದ್ಯುತ್ತಿಗೆ ದಾರಿಯಾಗುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದವು ಅದರ ಮೇಲೆ ವಿದ್ಯುದಾವೇಶ ಕೂಡಿ ಕಿಡಿ ಹಾರದಂತೆ ಕಾಯುತ್ತವೆ.

ಹುಟ್ಟಿನೊಡನೆ ಬರುವ ಇನ್ನೊಂದು ಗುಣ ಉದ್ದ. ೨೦೦೮ರಲ್ಲಿ ಎಡಿನ್‌ಬರೋದ ಸಂಶೋಧಕರು ಬಹುಭಿತ್ತಿಯ ನಾಳಗಳನ್ನು ಇಲಿಗಳ ಹೊಟ್ಟೆಯ ಪೊಳ್ಳಿಗೆ ಸೇರಿಸಿ ನೋಡಿದರು. ಉದ್ದವಾಗಿ ನೆಟ್ಟಗಿದ್ದವು ಕಲ್ನಾರಿನಂತೆಯೇ ಉರಿಯೂತವನ್ನುಂಟುಮಾಡಿದವು. ಗಿಡ್ಡವಾದವೂ ಸಿಕ್ಕುಗಟ್ಟಿದವೂ ಹಾಗೆ ಮಾಡಲಿಲ್ಲ. ಒಳಹೊಕ್ಕ ಧೂಳನ್ನು ನುಂಗಿ ತೆಗೆಯುವ ಜೀವಕೋಶಗಳು ತಮಗಿಂತ ಉದ್ದವಾದ ಸೂಜಿಯನ್ನು ನುಂಗಲಾರವು. ೨೦೧೪ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಒಂದು ಬಗೆಯ ಬಹುಭಿತ್ತಿಯ ನಾಳವನ್ನು ಕ್ಯಾನ್ಸರಿಗೆ ಕಾರಣವಾಗಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಬ್ಯಾಟರಿಯೊಳಗೆ ಭದ್ರವಾಗಿರುವ ನಾಳಕ್ಕೆ ನಾವು ಹೆದರಬೇಕಾಗಿಲ್ಲ. ಒಣಪುಡಿಯನ್ನು ತೂಗುವ, ಸುರಿಯುವ ಕೆಲಸಗಾರನ ಉಸಿರಿನ ಚಿಂತೆಯನ್ನು ಮಾತ್ರ ಮಾಡಲೇಬೇಕು. ಕಲ್ನಾರಿನ ವಿಷಯದಲ್ಲಿ ಲೋಕವು ಈ ಎಚ್ಚರವನ್ನು ಬಹಳ ತಡವಾಗಿ ತಾಳಿತು.

ಬಲ, ವಿದ್ಯುದ್ಗುಣ, ಅಪಾಯ ಈ ಮೂರೂ ಕುಲುಮೆಯಲ್ಲಿ ಕಣದ ಮೇಲೆ ನಾಳವು ಚಿಗುರುವಾಗಲೇ ಬಹುಮಟ್ಟಿಗೆ ಗೊತ್ತಾಗಿಬಿಡುತ್ತವೆ. ಬೇಕಾದಷ್ಟು ನಾಳಗಳನ್ನು ಮಾಡುವುದನ್ನು ನಾವು ಕಲಿತಿದ್ದೇವೆ. ಬೇಕಾದಂಥ ನಾಳವನ್ನೇ ಮಾಡುವುದನ್ನು ಪೂರ್ತಿಯಾಗಿ ಕಲಿತಿಲ್ಲ. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೆ ಈ ಕೆಲಸಕ್ಕೆ ಕೈಹಾಕುವುದಾದರೆ, ಆರಂಭಿಸಬೇಕಾದದ್ದು ಆ ಕಬ್ಬಿಣದ ಕಣದಿಂದ.