ಮೇಪಲ್ ಪಾಕದ ಸುತ್ತ ಹಬ್ಬಿದ ಮಾತುಗಳು

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಮೇಪಲ್ ಸಿರಪ್ ಬಾಟಲಿಯನ್ನು ಸಾಮಾನ್ಯವಾಗಿ ಜೇನುತುಪ್ಪದ ಪಕ್ಕದಲ್ಲೇ ಜೋಡಿಸಿರುತ್ತಾರೆ. ಗೊಂದಲ ಅಲ್ಲಿಂದಲೇ ಶುರು. ಇದೂ ಒಂದು ಥರದ ಜೇನು, ಸಕ್ಕರೆಯ ಬದಲು ಕಣ್ಣುಮುಚ್ಚಿ ಸುರಿಯಬಹುದು, ಸಕ್ಕರೆ ಕಾಯಿಲೆಯವರೂ ತಿನ್ನಬಹುದು ಎಂಬ ಮಾತುಗಳೆಲ್ಲ ಬಾಟಲಿಯ ಜೊತೆಗೇ ಮನೆ ಸೇರುತ್ತವೆ. ಆಮೇಲೆ ಕೇಕ್ ಕುಸಿದರೆ, ಬರ್ಫಿ ಮರಳು ಮರಳಾದರೆ ಬೈಗುಳ ಮಾತ್ರ ಕೆನಡಾಕ್ಕೆ.

ಅಸಲಿಗೆ ಇದು ಪಾಕ. ಶುಗರ್ ಮೇಪಲ್ ಮರದ ರಸವನ್ನು ಕುದಿಸಿ ಕುದಿಸಿ ಇಳಿಸಿದ್ದು. ಜಗತ್ತಿನ ಉತ್ಪಾದನೆಯಲ್ಲಿ ಸುಮಾರು 70% ಕೆನಡಾದ ಕ್ವಿಬೆಕ್ ಪ್ರಾಂತ್ಯವೊಂದರದೇ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಅದು ಕರಗುವಷ್ಟು ಬಿಸಿಲು ಇದ್ದರೆ ಮಾತ್ರ ಕಾಂಡಕ್ಕೆ ಕೊರೆದ ತೂತಿನಿಂದ ರಸ ತೊಟ್ಟಿಕ್ಕುತ್ತದೆ. ಆ ರಸ ನೋಡಲು ನೀರೇ. ಸಕ್ಕರೆ ಇರುವುದು ಸುಮಾರು 2%. ಒಂದು ಲೀಟರ್ ಸಿರಪ್‌ಗೆ ಹೆಚ್ಚುಕಡಿಮೆ 40 ಲೀಟರ್ ರಸ ಬೇಕು, ಬೆಲೆ ಏಕೆ ಕಣ್ಣು ಕುಕ್ಕುತ್ತದೆ ಎಂಬುದಕ್ಕೆ ಉತ್ತರವೂ ಅದೇ. ನಮ್ಮ ಕಡೆ ಇದಕ್ಕೆ ನೆಂಟಸ್ತಿಕೆ ಹುಡುಕುವುದಾದರೆ ಮಲೆನಾಡಿನ ಜೋನಿ ಬೆಲ್ಲದ ಮನೆಗೆ ಹೋಗಬೇಕು, ಜೇನುಗೂಡಿಗಲ್ಲ. ಜೇನಿನ ಸಿಹಿ ಬಹುಪಾಲು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಮೇಪಲ್‌ನದು ಬಹುಪಾಲು ಸುಕ್ರೋಸ್, ಅಂದರೆ ನಿಮ್ಮ ಡಬ್ಬಿಯಲ್ಲಿರುವ ಸಕ್ಕರೆಯೇ.

ಹೀಗಿರುವಾಗ ಸಕ್ಕರೆ ಕಾಯಿಲೆಯ ಮಾತನ್ನು ಒಂದೇ ಉಸಿರಿಗೆ ಮುಗಿಸಬಹುದು. ಒಂದು ದೊಡ್ಡ ಚಮಚ ಸಿರಪ್‌ನಲ್ಲಿ ಸುಮಾರು 12 ಗ್ರಾಂ ಸಕ್ಕರೆ, 52 ಕ್ಯಾಲರಿ. ಮ್ಯಾಂಗನೀಸ್ ಇದೆ, ರೈಬೋಫ್ಲಾವಿನ್ ಇದೆ, ನಿಜ. ಆದರೆ ರಕ್ತದ ಸಕ್ಕರೆ ಏರುವುದನ್ನು ಅವು ತಡೆಯುವುದಿಲ್ಲ. ಮರದಿಂದ ಬಂದದ್ದೆಲ್ಲ ಮದ್ದು ಎನ್ನುವವರು ಈಚಲ ಬೆಲ್ಲವನ್ನೂ ಸಕ್ಕರೆ ಕಾಯಿಲೆಯವರು ತಿನ್ನಬಹುದು ಎಂದೇ ಹೇಳುತ್ತಾರೆ.

"ಬಣ್ಣ ಕಪ್ಪಾದಷ್ಟೂ ಮಾಲು ಕೀಳು" ಎಂಬುದು ಇನ್ನೊಂದು ಮಾತು. ಇದಕ್ಕೆ ಹಳೆಯ ಶ್ರೇಣಿಗಳೂ ಕಾರಣ: ಅಮೆರಿಕದಲ್ಲಿ ಕಪ್ಪು ಸಿರಪ್‌ಗೆ 'ಬಿ' ದರ್ಜೆಯ ಚೀಟಿ ಅಂಟಿಸುತ್ತಿದ್ದರು, ಎರಡನೇ ದರ್ಜೆ ಅಂತ ಗಿರಾಕಿ ಮುಖ ತಿರುಗಿಸುತ್ತಿದ್ದ. 2015ರ ಹೊತ್ತಿಗೆ ಅದು ಹೋಗಿ ಈಗ ಚಿನ್ನದ ಬಣ್ಣದಿಂದ ಕಡುಗಪ್ಪಿನವರೆಗೆ ನಾಲ್ಕು ಬಗೆಯೂ 'ಎ' ದರ್ಜೆಯೇ. ಋತುವಿನ ಆರಂಭದ ರಸದಿಂದ ತಿಳಿ ಸಿರಪ್ ಬರುತ್ತದೆ. ದಿನ ಬೆಚ್ಚಗಾಗುತ್ತ ಹೋದಂತೆ ಸೂಕ್ಷ್ಮಜೀವಿಗಳು ರಸದಲ್ಲಿನ ಸುಕ್ರೋಸನ್ನು ಒಡೆಯುತ್ತವೆ, ಕುದಿಯುವಾಗ ರಸ ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ, ರುಚಿಯೂ ಗಾಢವಾಗುತ್ತದೆ. ತಿಳಿಯದನ್ನು ಐಸ್‌ಕ್ರೀಂ ಮೇಲೆ ಸುರಿಯಿರಿ. ಹಿಟ್ಟು, ಬೆಣ್ಣೆ, ಒಲೆಯ ಶಾಖ ಎಲ್ಲವನ್ನೂ ದಾಟಿ ನಾಲಗೆಗೆ ಮೇಪಲ್ ಸಿಗಬೇಕಾದರೆ ಕಪ್ಪೇ ಬೇಕು. ಕೇಕಿಗೆ ತಿಳಿ ಸಿರಪ್ ಹಾಕುವುದು ದುಡ್ಡು ದಂಡ.

ಘಮ್ ಎಂದರೆ ಅಸಲಿ ಎಂದು ನಂಬುವವರಿಗೆ ನ್ಯೂಯಾರ್ಕಿನ ಒಂದು ಕಥೆ ಹೇಳಬೇಕು. 2005ರಿಂದ ಆ ನಗರದಲ್ಲಿ ಆಗಾಗ ಇದ್ದಕ್ಕಿದ್ದಂತೆ ಮೇಪಲ್ ಸಿರಪ್ ವಾಸನೆ ಹಬ್ಬುತ್ತಿತ್ತು. ಏನೋ ರಾಸಾಯನಿಕ ದಾಳಿ ಇರಬೇಕೆಂದು ಜನ ಗಾಬರಿಯಿಂದ ಸಹಾಯವಾಣಿಗೆ ಫೋನ್ ಮಾಡುತ್ತಿದ್ದರು. 2009ರಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಗುಟ್ಟು ಬಿಚ್ಚಿದರು: ನದಿಯಾಚೆ ನ್ಯೂಜೆರ್ಸಿಯ ಸುಗಂಧದ ಕಾರ್ಖಾನೆಯೊಂದರಲ್ಲಿ ಮೆಂತ್ಯ ಸಂಸ್ಕರಿಸುತ್ತಿದ್ದರು! ಮೆಂತ್ಯದಲ್ಲಿರುವ ಸೊಟೊಲೋನ್ ಎಂಬ ವಸ್ತುವಿಗೆ ಮೇಪಲ್ ಪರಿಮಳವೇ. ಕೃತಕ ಮೇಪಲ್ ಸುವಾಸನೆಗೆ ಮೆಂತ್ಯದ ಸಾರ ಬಳಸುವುದುಂಟು. ಅಗ್ಗದ 'ಪ್ಯಾನ್‌ಕೇಕ್ ಸಿರಪ್'ಗಳಲ್ಲಿ ಇರುವುದು ಮೆಕ್ಕೆಜೋಳದ ಸಿರಪ್, ಕ್ಯಾರಮೆಲ್ ಬಣ್ಣ, ಇಂಥ ವಾಸನೆ. ಮರದ ರಸ ಒಂದು ಹನಿಯೂ ಇರದೆ ಇರಬಹುದು. ಮೂಗನ್ನು ನಂಬಬೇಡಿ, ಬಾಟಲಿಯ ಹಿಂದೆ ತಿರುಗಿಸಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಹೆಸರಿರಬೇಕು.

ಇನ್ನು ಅಡುಗೆಮನೆ. ಒಂದು ಕಪ್ ಸಕ್ಕರೆಗೆ ಒಂದು ಕಪ್ ಸಿರಪ್ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಿರಪ್‌ನ ಮೂರನೇ ಒಂದು ಪಾಲು ನೀರು. ಒಂದು ಕಪ್ ಸಕ್ಕರೆಯ ಜಾಗಕ್ಕೆ ಮುಕ್ಕಾಲು ಕಪ್ ಸಿರಪ್ ಸಾಕು, ಹಾಲೋ ನೀರೋ ಎರಡು ಮೂರು ದೊಡ್ಡ ಚಮಚದಷ್ಟು ಕಡಿಮೆ ಮಾಡಬೇಕು. ನಾನ್‌ಖಟಾಯಿ, ಕುಕೀಗಳಲ್ಲಂತೂ ಇದೂ ಸಾಲದು. ಅಲ್ಲಿ ಬೆಣ್ಣೆಯ ಜೊತೆ ಸಕ್ಕರೆ ತಿಕ್ಕುವುದು ಬರೀ ಸಿಹಿಗಲ್ಲ. ಹರಳುಗಳು ಬೆಣ್ಣೆಯೊಳಗೆ ಗಾಳಿ ಸೇರಿಸುತ್ತವೆ, ಬಿಸ್ಕತ್ತು ಹಗುರಾಗುವುದು ಅದರಿಂದ. ದ್ರವಕ್ಕೆ ಆ ಶಕ್ತಿ ಇಲ್ಲ. ಸಿರಪ್ಪನ್ನು ಇನ್ನೂ ಕಾಯಿಸಿ ಪುಡಿ ಮಾಡಿದ ಮೇಪಲ್ ಸಕ್ಕರೆ ಸಿಗುತ್ತದೆ, ಅದನ್ನು ಹಾಕಿ. ಅದು ಹೊಸದೇನಲ್ಲ: ಯುರೋಪಿನವರು ಬರುವ ಮೊದಲೇ ಅನಿಶಿನಾಬೆ ಮುಂತಾದ ಮೂಲನಿವಾಸಿಗಳು ಮೇಪಲ್ ರಸ ಇಳಿಸುತ್ತಿದ್ದರು, ಸಕ್ಕರೆ ಮಾಡಿ ಕೂಡಿಡುತ್ತಿದ್ದರು.

ಪಾಕದ ಸಿಹಿ ಮಾಡುವಾಗ ನಮ್ಮವರು ಎಡವುವುದು ಬೇರೆ ಕಡೆ. ಮೈಸೂರು ಪಾಕು ಮಾಡಿ ಪಳಗಿದ ಕೈಗೆ ಸೌಟು ಬಿಡುವುದು ಗೊತ್ತಿಲ್ಲ. ಕ್ವಿಬೆಕ್‌ನ 'ಸುಕ್ರ್ ಆ ಲಾ ಕ್ರೆಮ್' ಎಂಬ ಸಿಹಿಗೆ ಎರಡು ಕಪ್ ಸಿರಪ್, ಒಂದು ಕಪ್ ದಪ್ಪ ಕ್ರೀಮ್ ಸೇರಿಸಿ ಕುದಿಸುತ್ತಾರೆ. ತಣ್ಣೀರಿಗೆ ಬಿಟ್ಟ ಹನಿ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಕ್ಕಿದರೆ ಒಲೆ ಆರಿಸಬೇಕು. ಥರ್ಮಾಮೀಟರ್ ಇದ್ದರೆ, ವಿದೇಶಿ ಪುಸ್ತಕದ 113 ಡಿಗ್ರಿ ಮಂಗಳೂರಿಗೆ ಸರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ನೀರು ಸುಮಾರು 97ಕ್ಕೇ ಕುದಿಯುತ್ತದೆ. ಅಲ್ಲಿ 110 ಬಂದರೆ ಸಾಕು, 113ರವರೆಗೆ ಕಾದರೆ ಸಿಹಿ ಗಟ್ಟಿಯಾಗುತ್ತದೆ. ಇಳಿಸಿದ ಮೇಲೆ ಕೈ ಕಟ್ಟಿ ಕೂರಬೇಕು. ಬಿಸಿಯಲ್ಲೇ ತಿರುವಿದರೆ ಕೆಲವೇ ಹರಳುಗಳು ಹುಟ್ಟಿ ದಪ್ಪವಾಗಿ ಬೆಳೆಯುತ್ತವೆ, ಬಾಯಲ್ಲಿ ಮರಳು. ಪಾತ್ರೆಯ ತಳ ಅಂಗೈಗೆ ತಡೆಯುವಷ್ಟು, ಅಂದರೆ 45 ಡಿಗ್ರಿ ಆಸುಪಾಸಿಗೆ ಇಳಿದ ಮೇಲೆ ಮರದ ಚಮಚದಿಂದ ತಿರುವಿ. ಆಗ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒಟ್ಟಿಗೆ ಹುಟ್ಟುತ್ತವೆ. ಮೊದಲು ಕೈ ಭಾರವಾಗುತ್ತದೆ, ಬಣ್ಣ ಕಂದಿನಿಂದ ಕೆನೆಗೆ ತಿರುಗುತ್ತದೆ, ಚಮಚ ಹೋದ ದಾರಿ ಮುಚ್ಚದೆ ಉಳಿಯುತ್ತದೆ, ಇದ್ದಕ್ಕಿದ್ದಂತೆ ಹೊಳಪು ಮಾಯವಾಗುತ್ತದೆ. ಆ ಗಳಿಗೆಯಲ್ಲೇ ತಟ್ಟೆಗೆ ಸುರಿಯಬೇಕು, ಫೋನ್ ಬಂದರೂ ಎತ್ತಬಾರದು. ಮೇಪಲ್ ಬಟರ್ ಮಾಡುವ ಬಗೆಯೂ ಇದೇ, ಅದರಲ್ಲಿ ಬೆಣ್ಣೆ ಇಲ್ಲ, ಸಿರಪ್ ಒಂದೇ.

ತಾಳ್ಮೆ ಇಲ್ಲದವರು 'ಪುಡಿಂಗ್ ಶೋಮರ್' ಮಾಡಿಕೊಳ್ಳಲಿ. ಕೇಕಿನ ಹಿಟ್ಟಿಗೆ ಕ್ರೀಮ್ ಬೆರೆಸಿದ ಬಿಸಿ ಸಿರಪ್ ಸುರಿದು ಓವನ್ನಿಗಿಟ್ಟರೆ ಹಿಟ್ಟು ಮೇಲೆದ್ದು ಪಾಕ ತಳ ಸೇರುತ್ತದೆ. ನೋಡಿದವರಿಗೆ ಕೆಲಸ ಕೆಟ್ಟಿತು ಅನಿಸುತ್ತದೆ, ಕೆಟ್ಟಿರುವುದಿಲ್ಲ. ಅನಾದಿಕಾಲದ ಮೇಪಲ್ ತಿನಿಸೆಂದು ಇದನ್ನು ಹೊಗಳುವವರಿದ್ದಾರೆ. ಇದು 1929ರ ನಂತರದ ಆರ್ಥಿಕ ಕುಸಿತದ ದಿನಗಳಲ್ಲಿ ಕ್ವಿಬೆಕ್‌ನ ಬಡವರ ಮನೆಗಳಲ್ಲಿ ಹುಟ್ಟಿದ್ದು. ಹೆಸರಿನಲ್ಲೇ ನಿರುದ್ಯೋಗಿ ('ಶೋಮರ್') ಇದ್ದಾನೆ. ಅವರು ಹಾಕುತ್ತಿದ್ದದ್ದು ಕಂದು ಸಕ್ಕರೆ. ಮೇಪಲ್ ಬಂದದ್ದು ಕೈಯಲ್ಲಿ ನಾಲ್ಕು ಕಾಸು ಬಂದ ಮೇಲೆ.

ಕೊನೆಗೆ ಬಾಟಲಿಯ ವಿಷಯ. ತಳದಲ್ಲಿ ಹರಳು ಕಂಡರೆ ಕಲಬೆರಕೆ ಎಂದು ಎಸೆಯಬೇಡಿ, ಪಾಕ ತುಸು ಹೆಚ್ಚು ಕಾದಿದೆ ಅಷ್ಟೇ. ಬಿಸಿನೀರಿನಲ್ಲಿ ನಿಲ್ಲಿಸಿದರೆ ಕರಗುತ್ತದೆ. ಜೇನಿನಂತೆ ವರ್ಷಗಟ್ಟಲೆ ಕಪಾಟಿನಲ್ಲಿಡುವ ಆಸೆಯನ್ನೂ ಬಿಡಿ. ನೀರಿನ ಅಂಶ ಹೆಚ್ಚಿರುವುದರಿಂದ ಮುಚ್ಚಳ ತೆರೆದ ಮೇಲೆ ಬೂಸ್ಟು ಹಿಡಿಯುತ್ತದೆ, ಫ್ರಿಜ್ಜಿನಲ್ಲೇ ಇಡಬೇಕು.