ತೊಟ್ಟಿಕ್ಕುವ ನಳ, ಸೋರುವ ಪೈಪು: ನಿರ್ಲಕ್ಷ್ಯ ಸಲ್ಲದು

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಯಮನೂರು ಎರಡು ಕಾರಣಗಳಿಗಾಗಿ ನಾಡಿಗೆ ಪರಿಚಿತ. ಬೆಣ್ಣಿಹಳ್ಳದ ದಡದಲ್ಲಿ ಹಿಂದೂಗಳೂ ಮುಸ್ಲಿಮರೂ ಒಂದಾಗಿ ನಡೆದುಕೊಳ್ಳುವ ಚಾಂಗದೇವ ರಾಜಾಬಾಗಸವಾರರ ಕ್ಷೇತ್ರ ಎಂಬುದು ಒಂದು. 2016ರ ಜುಲೈ ತಿಂಗಳಲ್ಲಿ ಮಹದಾಯಿ ನೀರಿನ ಹೋರಾಟದ ವೇಳೆ ಪೊಲೀಸರ ಲಾಠಿ ಏಟು ತಿಂದ ಊರು ಎಂಬುದು ಇನ್ನೊಂದು. ನೀರಿಗಾಗಿ ಬೀದಿಗಿಳಿದ ಈ ಸೀಮೆಯಲ್ಲಿ ಮನೆಯೊಳಗಿನ ನಳ ತೊಟ್ಟಿಕ್ಕುತ್ತಿದ್ದರೆ ‘ನಾಳೆ ನೋಡಿದರಾಯಿತು’ ಎಂದು ಸುಮ್ಮನಿರುವುದು ತರವಲ್ಲ. ಈ ಮಾತು ಯಮನೂರಿಗೆ ಮಾತ್ರವಲ್ಲ, ದಿನ ಬಿಟ್ಟು ದಿನ ನೀರು ಕಾಣುವ ರಾಜ್ಯದ ಎಲ್ಲ ನಗರ, ಪಟ್ಟಣಗಳಿಗೂ ಅನ್ವಯಿಸುತ್ತದೆ.

ಸೆಕೆಂಡಿಗೆ ಒಂದು ಹನಿ ಬೀಳುತ್ತಿದೆ ಎನ್ನಿ. 20 ಹನಿಗೆ ಒಂದು ಮಿಲಿಲೀಟರ್ ಎಂದು ಲೆಕ್ಕ ಹಿಡಿದರೂ ದಿನಕ್ಕೆ 4 ಲೀಟರಿಗೂ ಅಧಿಕ, ತಿಂಗಳಿಗೆ ಸುಮಾರು 130 ಲೀಟರ್ ನೀರು ವ್ಯರ್ಥ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಗ್ರಾಮೀಣ ಪ್ರದೇಶದ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿಪಡಿಸಿದ್ದು 55 ಲೀಟರ್. ಅಂದರೆ ಒಂದು ಕೆಟ್ಟ ವಾಷರ್ ಇಬ್ಬರ ಒಂದು ದಿನದ ಪಾಲನ್ನು ನುಂಗುತ್ತದೆ.

ಹೊರಗೆ ಸೋರಿದರೆ ಒಳಗೂ ಸೇರುತ್ತದೆ

ನಷ್ಟ ನೀರಿನದಷ್ಟೇ ಅಲ್ಲ. ಪೈಪಿನಲ್ಲಿ ನೀರಿನ ಒತ್ತಡ ಇರುವವರೆಗೆ ಸೀಳಿನಿಂದ ನೀರು ಹೊರಬರುತ್ತದೆ. ಪೂರೈಕೆ ನಿಂತಾಗ ಒತ್ತಡ ಇಳಿದು, ಅದೇ ಸೀಳಿನ ಮೂಲಕ ಸುತ್ತಲಿನ ಕೊಳೆನೀರು ಒಳಸೇರಬಲ್ಲದು. 2008ರಲ್ಲಿ ಕೆಲವು ಬಡಾವಣೆಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ಆರಂಭವಾದ ಹುಬ್ಬಳ್ಳಿ-ಧಾರವಾಡದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ನಡೆಸಿದ್ದರು. ನಿರಂತರ ಪೂರೈಕೆಯ ನಳಗಳಿಗಿಂತ ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಾಲಿನ್ಯ ಹೆಚ್ಚೆಂದೂ, ಪೂರೈಕೆ ಆರಂಭವಾದಾಗ ಮೊದಲು ಬರುವ ನೀರಿನಲ್ಲಿ ಅದು ವಿಶೇಷವಾಗಿ ಕಾಣುತ್ತದೆಂದೂ 2013-14ರಲ್ಲಿ ಪ್ರಕಟವಾದ ಆ ವರದಿಗಳು ತಿಳಿಸಿವೆ.

ಆದ್ದರಿಂದ ಮೊದಲು ಬರುವ ಒಂದೆರಡು ಕೊಡ ನೀರನ್ನು ಕುಡಿಯಲು ಬಳಸದೆ ಗಿಡಗಳಿಗೆ, ಅಂಗಳಕ್ಕೆ ಉಪಯೋಗಿಸುವುದು ಕ್ಷೇಮ. ಪೂರೈಕೆಯ ಪೈಪಿಗೆ ನೇರವಾಗಿ ಮೋಟರ್ ಜೋಡಿಸುವುದಂತೂ ಸಲ್ಲದು. ಅದು ನೆರೆಮನೆಯ ನೀರನ್ನಷ್ಟೇ ಅಲ್ಲ, ಚರಂಡಿಯ ಕೊಳೆಯನ್ನೂ ಎಳೆಯುತ್ತದೆ.

ಮೊದಲು ವಾಲ್ವ್ ಹುಡುಕಿ

ಯಾವುದೇ ದುರಸ್ತಿಗೆ ಮುನ್ನ ನೀರು ನಿಲ್ಲಿಸುವ ಗೇಟ್ ವಾಲ್ವ್ ಎಲ್ಲಿದೆ ಎಂಬುದನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು. ವರ್ಷಗಟ್ಟಲೆ ಮುಟ್ಟದ ವಾಲ್ವ್ ತುಕ್ಕು ಹಿಡಿದು ತಿರುಗದಂತಾಗುತ್ತದೆ. ಎರಡು-ಮೂರು ತಿಂಗಳಿಗೊಮ್ಮೆ ಮುಚ್ಚಿ ತೆರೆಯುವುದು ಒಳಿತು.

ಹಳೆಯ ಮಾದರಿಯ ನಳ ತೊಟ್ಟಿಕ್ಕಲು ಸಾಮಾನ್ಯ ಕಾರಣ ಸವೆದ ವಾಷರ್. ನೀರು ನಿಲ್ಲಿಸಿ, ಸ್ಪ್ಯಾನರಿನಿಂದ ನಳದ ತಲೆಭಾಗ ಬಿಚ್ಚಿ, ಅದೇ ಅಳತೆಯ ಹೊಸ ವಾಷರ್ ಕೂಡಿಸಿದರೆ ಸಾಕು. ನಳವನ್ನು ಬಲವಂತವಾಗಿ ಬಿಗಿಯುವುದರಿಂದ ವಾಷರ್ ಮತ್ತಷ್ಟು ಬೇಗ ಹಾಳಾಗುತ್ತದೆ. ನಳ ಗೋಡೆಗೆ ಕೂಡುವ ಕಡೆ ಜಿನುಗುತ್ತಿದ್ದರೆ ಬಿಚ್ಚಿ, ತಿರುಪಿನ ಸುತ್ತ ಟೆಫ್ಲಾನ್ ಟೇಪನ್ನು ತಿರುಪು ಸುತ್ತುವ ದಿಕ್ಕಿನಲ್ಲೇ ಹಲವು ಸುತ್ತು ಸುತ್ತಿ ಮತ್ತೆ ಜೋಡಿಸಬೇಕು.

ಕಾಣದ ಸೋರಿಕೆ

ಶೌಚಾಲಯದ ಫ್ಲಶ್ ಟ್ಯಾಂಕಿನ ಸೋರಿಕೆ ಕಣ್ಣಿಗೂ ಕಿವಿಗೂ ತಿಳಿಯದು. ಬಟ್ಟೆಗೆ ಹಾಕುವ ನೀಲಿಯನ್ನು ಟ್ಯಾಂಕಿನೊಳಗೆ ಬೆರೆಸಿ, ಅರ್ಧ ಗಂಟೆ ಫ್ಲಶ್ ಮಾಡದೆ ಕಾಯಿರಿ. ಕೆಳಗಿನ ಬೇಸಿನ್ನಿನಲ್ಲಿ ನೀಲಿ ಕಂಡರೆ ಟ್ಯಾಂಕಿನ ತಳದ ರಬ್ಬರ್ ಬದಲಿಸಬೇಕು. ಸಂಪಿನ ಪರೀಕ್ಷೆಯೂ ಸುಲಭ. ರಾತ್ರಿ ಮಲಗುವ ಮುನ್ನ ಪೂರೈಕೆಯ ವಾಲ್ವ್ ಮುಚ್ಚಿ, ನೀರಿನ ಮಟ್ಟವನ್ನು ಕೋಲಿನ ಮೇಲೆ ಗುರುತಿಸಿ. ಮೋಟರ್ ಹಾಕದೆಯೂ ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸಂಪು ಬಿರುಕು ಬಿಟ್ಟಿದೆ ಎಂದರ್ಥ.

ನವಲಗುಂದ, ಅಣ್ಣಿಗೇರಿ ಭಾಗದ ಎರೆಮಣ್ಣಿನಲ್ಲಿ ಈ ಪರೀಕ್ಷೆ ಅತ್ಯಗತ್ಯ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಾಯ್ದೆರೆಯುವ ಈ ಮಣ್ಣು ತನ್ನೊಳಗಿನ ಪೈಪಿನ ಜೋಡಣೆಗಳನ್ನೂ ಎಳೆದು ಸಡಿಲಿಸುತ್ತದೆ. ಪೈಪು ಹೂಳುವಾಗ ಸುತ್ತಲೂ ಮರಳಿನ ಹಾಸು ಕೊಡುವುದು ಇದಕ್ಕೆ ಪರಿಹಾರ. ಬಿಸಿಲಿಗೆ ತೆರೆದಿರುವ ಪಿವಿಸಿ ಪೈಪು ಕಾಲಕ್ರಮೇಣ ಬಿರುಸಾಗಿ ಒಡೆಯುತ್ತದೆ. ಬಣ್ಣ ಬಳಿದರೆ ಬಾಳಿಕೆ ಹೆಚ್ಚು.

ಧಾರೆ ಸಣ್ಣದಾದರೆ

ಗಡಸು ನೀರಿನ ಸುಣ್ಣದಂಶ ನಳದ ಬಾಯಿಯ ಜಾಲರಿ ಹಾಗೂ ಶವರಿನ ರಂಧ್ರಗಳಲ್ಲಿ ಕಟ್ಟಿಕೊಳ್ಳುತ್ತದೆ. ಅವುಗಳನ್ನು ಬಿಚ್ಚಿ ನಿಂಬೆರಸ ಇಲ್ಲವೆ ವಿನೆಗರಿನಲ್ಲಿ ಕೆಲವು ಗಂಟೆ ನೆನೆಸಿ ಉಜ್ಜಿದರೆ ಧಾರೆ ಮರಳುತ್ತದೆ. ಟ್ಯಾಂಕ್ ಪೂರ್ತಿ ಖಾಲಿಯಾಗಿ ತುಂಬಿದ ಬಳಿಕ ನೀರು ಬರುತ್ತಿಲ್ಲವಾದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುವ ಸಂಭವವಿದೆ. ಕೆಳಮಟ್ಟದ ನಳಗಳನ್ನೆಲ್ಲ ಕೆಲಹೊತ್ತು ತೆರೆದಿಡಿ.

ಒಂದು ಎಚ್ಚರಿಕೆ: ಕಟ್ಟಿಕೊಂಡ ಚರಂಡಿ ಪೈಪಿಗೆ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಎಂದಿಗೂ ಸೇರಿಸಿ ಸುರಿಯಬಾರದು. ಅದರಿಂದ ಹೊಮ್ಮುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಮಾರಕ.

ಗೋಡೆಯೊಳಗಿನ ತೇವ, ನೀರಿಗೆ ಬಂದ ದುರ್ವಾಸನೆ, ವಿದ್ಯುತ್ ತಂತಿಯ ಸಮೀಪದ ಸೋರಿಕೆ ಇವು ಸ್ವಂತ ಪ್ರಯೋಗಕ್ಕೆ ತಕ್ಕವಲ್ಲ, ಪ್ಲಂಬರನ್ನು ಕರೆಯಿಸಿ. ಮನೆಯ ಹೊರಗಿನ ಪೈಪು ಒಡೆದಿದ್ದರೆ ಗ್ರಾಮ ಪಂಚಾಯಿತಿಗೋ ನಗರಸಭೆಗೋ ಲಿಖಿತ ದೂರು ನೀಡಿ. ಮಿಕ್ಕದ್ದಕ್ಕೆ ಒಂದು ಸ್ಪ್ಯಾನರ್, ನಾಲ್ಕು ವಾಷರ್, ಒಂದು ಸುರುಳಿ ಟೇಪು ಮನೆಯಲ್ಲಿದ್ದರೆ ಸಾಕು.