ಕಳಚಿಡಬಹುದಾದ ಆಕಾಶ

ಮನೆಯ ಕೋಣೆಯೊಂದರಲ್ಲಿ ಪುಟಾಣಿ ರೈಲುಮಾರ್ಗ ಕಟ್ಟಿ ಓಡಿಸುವ ಹವ್ಯಾಸ ಅಮೆರಿಕ, ಇಂಗ್ಲೆಂಡ್, ಜರ್ಮನಿಗಳಲ್ಲಿ ಬಲು ಹಳೆಯದು. ಇದು ಬರೀ ಮಕ್ಕಳಾಟವಲ್ಲ. ಹೆಚ್ಚು ಬಳಕೆಯಲ್ಲಿರುವ ‘ಎಚ್‌ಒ’ ಅಳತೆಯಲ್ಲಿ ಪ್ರತಿಯೊಂದೂ ನಿಜ ಗಾತ್ರದ 87ನೇ ಒಂದು ಪಾಲು. ಹಳಿಗಳ ನಡುವಿನ ಅಂತರ ಕೇವಲ 16.5 ಮಿಲಿಮೀಟರ್.

ರೈಲನ್ನೇನೋ ಕಿರಿದು ಮಾಡಬಹುದು, ದೂರವನ್ನು ಮಾಡುವುದು ಹೇಗೆ? ಲೆಕ್ಕ ಹಾಕಿ ನೋಡಿ. ಹಳಿಯಿಂದ ಐದು ಕಿಲೋಮೀಟರ್ ಆಚೆಯ ಬೆಟ್ಟ ಇದೇ ಅಳತೆಯಲ್ಲಿ ಸುಮಾರು 57 ಮೀಟರ್ ದೂರದಲ್ಲಿರಬೇಕು! ಹತ್ತಡಿ ಕೋಣೆಯಲ್ಲಿ ಇದು ಆಗದ ಮಾತು. ಆದ್ದರಿಂದಲೇ ಹಳಿಗಳ ಹಿಂದೆ ಬೆಟ್ಟ, ಮುಗಿಲು ಬರೆದ ಹಲಗೆ ನಿಲ್ಲಿಸುತ್ತಾರೆ. ನಾಟಕ ಕಂಪನಿಗಳ ಪರದೆಯದೇ ಉಪಾಯ.

ಇಲ್ಲಿ ವಿಜ್ಞಾನವೂ ಇದೆ. ಗಾಳಿಯ ಅಣುಗಳು ಕೆಂಪಿಗಿಂತ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಹಾಗಾಗಿ ದೂರದ ಬೆಟ್ಟ ನಸುನೀಲಿಯಾಗಿ, ಮಸುಕಾಗಿ ಕಾಣುತ್ತದೆ. ಕಡು ಹಸಿರು ಬಳಿದರೆ ಬೆಟ್ಟ ಎದುರಿಗೇ ಬಂದು ನಿಲ್ಲುತ್ತದೆ. ಕೋಣೆಯ ಮೂಲೆಯೂ ಎದ್ದು ಕಾಣಬಾರದು. ಮೂರು ಮಿಲಿಮೀಟರ್ ದಪ್ಪದ ಹಾರ್ಡ್‌ಬೋರ್ಡ್ ಸುಲಭವಾಗಿ ಬಾಗುವುದರಿಂದ ಮೂಲೆಯನ್ನು ದುಂಡಗೆ ತಿರುಗಿಸಬಹುದು.

ಅನೇಕರು ಎಡವುವುದು ಇದಾದ ಮೇಲೆ. ಚಿತ್ರ ಚೆನ್ನಾಗಿ ಬಂತೆಂದು ಹಲಗೆಗೆ ಮೊಳೆ ಹೊಡೆದುಬಿಡುತ್ತಾರೆ. ಕೈ ಚಾಚಿದರೆ ಎಟಕುವುದು ಸುಮಾರು 75 ಸೆಂಟಿಮೀಟರ್ ಮಾತ್ರ. ಎಷ್ಟೋ ಕಡೆ ಹಲಗೆಯ ಹಿಂದೆಯೇ ಬಂಡಿಗಳನ್ನು ನಿಲ್ಲಿಸುವ ಮರೆಯ ಹಳಿಗಳಿರುತ್ತವೆ. ಅಲ್ಲಿ ಎಂಜಿನ್ ಹಳಿ ತಪ್ಪಿದರೆ, ತಂತಿಯ ಬೆಸುಗೆ ಬಿಟ್ಟರೆ ಆಕಾಶವನ್ನೇ ಒಡೆಯಬೇಕಾಗುತ್ತದೆ!

ಪರಿಹಾರ ಸರಳ. ಮರದ ರೀಪೊಂದನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ. ಒಂದು ಹೋಳನ್ನು ಓರೆ ಮುಖ ಮೇಲಕ್ಕೂ ಗೋಡೆಯ ಕಡೆಗೂ ಇರುವಂತೆ ಗೋಡೆಗೆ ಬಿಗಿಯಿರಿ. ಇನ್ನೊಂದನ್ನು ತಲೆಕೆಳಗಾಗಿಸಿ ಹಲಗೆಯ ಬೆನ್ನಿಗೆ ಕೂರಿಸಿ. ಒಂದರ ಮೇಲೊಂದು ಇಟ್ಟರೆ ಹಲಗೆಯ ಭಾರವೇ ಇಳಿಜಾರಿನಲ್ಲಿ ಜಾರಿ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಬೇಕೆಂದಾಗ ಮೇಲಕ್ಕೆತ್ತಿದರೆ ಸಾಕು, ಹಲಗೆ ಕೈಗೆ ಬರುತ್ತದೆ. ಗೋಡೆಯಿಲ್ಲದ ಕಡೆ ಮೇಜಿನ ಅಂಚಿಗೆ ಕಂಬ ನಿಲ್ಲಿಸಿ, ಕೈಯಿಂದಲೇ ತಿರುಗಿಸುವ ನಟ್ಟು ಹಾಕಬಹುದು. ಹಗುರ ಹಲಗೆಗೆ ಅಯಸ್ಕಾಂತವೂ ಆದೀತು.

ಒಂದು ಎಚ್ಚರಿಕೆ. ಗಿಡ, ಗುಡ್ಡಗಳನ್ನು ಹಲಗೆಗೆ ಅಂಟಿಸಬಾರದು. ಎರಡು ಮೂರು ಸೆಂಟಿಮೀಟರ್ ಸಂದು ಬಿಟ್ಟು, ಅದನ್ನು ಪೊದೆಗಳಿಂದ ಮರೆಮಾಡಬೇಕು. ಗಿಡಗಳ ನೆರಳು ಆಕಾಶದ ಮೇಲೆ ಬೀಳುವುದೂ ಇದರಿಂದ ಕಡಿಮೆಯಾಗುತ್ತದೆ. ಕಳಚುವ ಹಲಗೆಯನ್ನು ನೆಲದ ಮೇಲಿಟ್ಟು ಆರಾಮವಾಗಿ ಬಣ್ಣ ಬಳಿಯಬಹುದು. ಬೇಸಿಗೆಯ ಮುಗಿಲು ತೆಗೆದು ಮಳೆಗಾಲದ್ದು ಇಡಬಹುದು.

ರೈಲಿನಷ್ಟೇ ಸುತ್ತಲ ನೋಟವೂ ಮುಖ್ಯವೆಂದು ತೋರಿಸಿದ ಮೊದಲಿಗರಲ್ಲಿ ಇಂಗ್ಲೆಂಡಿನ ಜಾನ್ ಆಹರ್ನ್ ಒಬ್ಬರು. ಅವರು 1961ರಲ್ಲಿ ತೀರಿಕೊಂಡರು. ಅವರ ‘ಮ್ಯಾಡರ್ ವ್ಯಾಲಿ’ ರೈಲು ಮನೆ ಬಿಟ್ಟು ಆಕ್ಸ್‌ಫರ್ಡ್‌ಷೈರ್‌ನ ಪೆಂಡನ್ ಮ್ಯೂಸಿಯಂ ಸೇರಿತು. ಕ್ಯಾಲಿಫೋರ್ನಿಯದ ಜಾನ್ ಅಲೆನ್ ಅವರ ಜಗತ್ಪ್ರಸಿದ್ಧ ಮಾರ್ಗಕ್ಕೆ ಆ ಭಾಗ್ಯವಿರಲಿಲ್ಲ. 1973ರ ಜನವರಿಯಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಅದು ಮನೆಯಲ್ಲೇ ಬೆಂಕಿಗೆ ಆಹುತಿಯಾಯಿತು.

ಕಟ್ಟಿದವನ ಕಾಲಾನಂತರವೂ ಬೇರೆಡೆ ಹೋಗಿ ಉಳಿಯಬೇಕಾದರೆ ಕಟ್ಟಿದ್ದು ಬಿಚ್ಚುವಂತಿರಬೇಕು. ಕುಂಚ ಹಿಡಿಯುವ ಮುನ್ನವೇ ಕಳಚುವ ದಾರಿ ಯೋಚಿಸುವುದು ಜಾಣತನ.